ಏನೂ ಆಗದ ರಾತ್ರಿಗಳ ಲೆಕ್ಕ: ಕುರಿ ಕಾಯುವ ನಾಯಿಯ ಚರಿತ್ರೆ

ಬಸ್ಸಲ್ಲಿ ಕೂತೋ, ಪಾತ್ರೆ ತೊಳೀತಾನೋ ಇದನ್ನ ಕೇಳ್ತಿರ್ತೀರಿ ಅಂತ ಗೊತ್ತು. ಇವತ್ತಿನ ಎಪಿಸೋಡ್ ಒಂದು ಪುಟ್ಟ ದ್ವೀಪದಿಂದ ಶುರು ಆಗುತ್ತೆ.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ವಾರ್ನಂಬೂಲ್ ಅಂತ ಒಂದು ಕರಾವಳಿ ಊರಿದೆ. ಅದರ ದಡದ ಪಕ್ಕದಲ್ಲೇ ಮಿಡಲ್ ಐಲೆಂಡ್ ಅನ್ನೋ ದ್ವೀಪ. ಅಲ್ಲಿ ಗೂಡು ಮಾಡೋದು ಲಿಟಲ್ ಪೆಂಗ್ವಿನ್, ಜಗತ್ತಿನ ಅತಿ ಚಿಕ್ಕ ಪೆಂಗ್ವಿನ್, ಹೆಚ್ಚುಕಡಿಮೆ ಒಂದಡಿ ಎತ್ತರ. ಸಮುದ್ರದ ನೀರು ಇಳಿದಾಗ ದಡದಿಂದ ದ್ವೀಪಕ್ಕೆ ನಡೆದೇ ಹೋಗಬಹುದು. ನಾವು ನಡೆದು ಹೋಗಬಹುದು ಅಂದ್ರೆ ನರಿಯೂ ಹೋಗಬಹುದು, ಅಲ್ವಾ? ಆ ನರಿಗಳು ಆಸ್ಟ್ರೇಲಿಯಾದ ಮೂಲದವೂ ಅಲ್ಲ. 19ನೇ ಶತಮಾನದಲ್ಲಿ ಯುರೋಪಿನಿಂದ ಬಂದವರು ಬೇಟೆಯ ಮೋಜಿಗಾಗಿ ತಂದು ಬಿಟ್ಟವು. ಒಂದು ಕಾಲದಲ್ಲಿ ನೂರಾರು ಪೆಂಗ್ವಿನ್ ಇದ್ದ ಆ ದ್ವೀಪದಲ್ಲಿ 2005ರ ಹೊತ್ತಿಗೆ ಹತ್ತೂ ಉಳಿದಿರಲಿಲ್ಲ.

ಆಗ ಸ್ವಾಂಪಿ ಮಾರ್ಷ್ ಅನ್ನೋ ಸ್ಥಳೀಯ ಕೋಳಿ ಸಾಕಣೆಗಾರನ ಹತ್ತಿರ ಒಂದು ಉಪಾಯ ಇತ್ತು. ಅವನು ತನ್ನ ಕೋಳಿಗಳನ್ನು ನರಿಯಿಂದ ಕಾಯೋಕೆ ಮರೆಮ್ಮಾ ಅನ್ನೋ ಇಟಲಿಯ ಬಿಳಿ ನಾಯಿಗಳನ್ನು ಸಾಕಿದ್ದ. ಕೋಳಿ ಕಾಯೋ ನಾಯಿ ಪೆಂಗ್ವಿನ್ ಯಾಕೆ ಕಾಯಬಾರದು? 2006ರಲ್ಲಿ ಆ ನಾಯಿಗಳು ದ್ವೀಪಕ್ಕೆ ಹೋದವು. ಪೆಂಗ್ವಿನ್ ಸಂಖ್ಯೆ ನಿಧಾನಕ್ಕೆ ಏರಿ ನೂರು ದಾಟಿತು. 2015ರಲ್ಲಿ ಈ ಕತೆ ‘ಆಡ್‌ಬಾಲ್’ ಅನ್ನೋ ಸಿನಿಮಾ ಕೂಡ ಆಯ್ತು.

ಆದರೆ ನನಗೆ ಮುಖ್ಯ ಅನ್ನಿಸಿದ್ದು ಸಿನಿಮಾ ಮುಗಿದ ಮೇಲಿನ ಭಾಗ. 2017ರಲ್ಲಿ ಹವಾಮಾನ ಕೆಟ್ಟು, ಸಮುದ್ರ ಒರಟಾಗಿ, ಕೆಲವು ದಿನ ನಾಯಿಗಳನ್ನು ದ್ವೀಪಕ್ಕೆ ಕರೆದುಕೊಂಡು ಹೋಗೋಕೆ ಆಗಲಿಲ್ಲ. ಅಷ್ಟೇ ಸಾಕಾಯ್ತು. ನರಿ ನುಗ್ಗಿ ಸುಮಾರು 140 ಪೆಂಗ್ವಿನ್‌ಗಳನ್ನು ಕೊಂದು ಹಾಕಿತು.

ಈಗ ಯೋಚನೆ ಮಾಡಿ. ಅಷ್ಟು ವರ್ಷ ಆ ನಾಯಿಗಳು ಏನು ಮಾಡ್ತಿದ್ದವು? ನೀವು ದಡದಲ್ಲಿ ನಿಂತು ನೋಡಿದ್ದರೆ ನಿಮಗೆ ಕಾಣ್ತಿದ್ದದ್ದು ಇಷ್ಟು: ಓಡಾಡ್ತಿವೆ, ಅಲ್ಲಲ್ಲಿ ಕಾಲೆತ್ತುತ್ತಿವೆ, ಬೊಗಳ್ತಿವೆ, ಮಲಗಿವೆ. ಆ ವಾಸನೆ, ಆ ಬೊಗಳು ಆಚೆ ದಡಕ್ಕೆ ಮುಟ್ಟುತ್ತಿತ್ತು. ನರಿ ಲೆಕ್ಕ ಹಾಕಿ ಬೇರೆ ದಾರಿ ಹಿಡಿಯುತ್ತಿತ್ತು. ಫೈಟ್ ಸೀನ್ ಇಲ್ಲ, ರಕ್ತ ಇಲ್ಲ.

ನಾನು ಬಿಕಾಂ ಓದಿದವನು. ನಮಗೆ ಮೊದಲ ವರ್ಷದಲ್ಲೇ ಲೆಡ್ಜರ್ ಬರೆಯೋದು ಕಲಿಸ್ತಾರೆ. ಬಂದ ಲಾಭಕ್ಕೆ ಜಾಗ ಇದೆ, ಆದ ನಷ್ಟಕ್ಕೆ ಜಾಗ ಇದೆ. ಆಗದೇ ಹೋದ ನಷ್ಟಕ್ಕೆ ಮಾತ್ರ ಯಾವ ಕಾಲಮ್ಮೂ ಇಲ್ಲ. ಕಾವಲು ನಾಯಿಯ ಇಡೀ ಜೀವಮಾನದ ದುಡಿಮೆ ಇರೋದು ಆ ಇಲ್ಲದ ಕಾಲಮ್ಮಿನಲ್ಲಿ. ಅದಕ್ಕೇ ಈ ನಾಯಿಯ ಬೆಲೆ ಮನುಷ್ಯನಿಗೆ ಮತ್ತೆ ಮತ್ತೆ ಮರೆತು ಹೋಗಿದೆ, ಮತ್ತೆ ಮತ್ತೆ ನಷ್ಟ ಆದ ಮೇಲೆ ನೆನಪಾಗಿದೆ. ಇವತ್ತು ಹೇಳ್ತಿರೋದು ಆ ಮರೆವಿನ ಚರಿತ್ರೆ.

ರೋಮಿನ ಅಜ್ಜ ಬರೆದಿಟ್ಟದ್ದು

ಎರಡು ಸಾವಿರ ವರ್ಷ ಹಿಂದಕ್ಕೆ ಹೋಗೋಣ. ಕ್ರಿಸ್ತಪೂರ್ವ 37ರ ಸುಮಾರಿಗೆ ರೋಮಿನ ವಿದ್ವಾಂಸ ವಾರೋ ಕೃಷಿಯ ಬಗ್ಗೆ ಒಂದು ಪುಸ್ತಕ ಬರೆದ. ಆಗ ಅವನಿಗೆ ವಯಸ್ಸು 80. ಅದರಲ್ಲಿ ಕುರಿ, ಮೇಕೆ, ಹಂದಿ, ದನಗಳ ಜೊತೆ ನಾಯಿಗೂ ಒಂದು ಅಧ್ಯಾಯ ಇದೆ.

ಅವನ ಸಲಹೆಗಳನ್ನು ಕೇಳಿ. ಮಂದೆ ಕಾಯೋಕೆ ನಾಯಿ ಬೇಕಾದರೆ ಬೇಟೆಗಾರನಿಂದ ಕೊಳ್ಳಬೇಡಿ, ಕಟುಕನಿಂದಲೂ ಕೊಳ್ಳಬೇಡಿ ಅಂತಾನೆ. ಕಟುಕನ ನಾಯಿ ಕುರಿಯ ಹಿಂದೆ ನಡೆಯೋಕೆ ಸೋಮಾರಿ. ಬೇಟೆಗಾರನ ನಾಯಿ ಮೊಲ ಕಂಡರೆ ಸಾಕು, ಕುರಿಗಳನ್ನು ಬಿಟ್ಟು ಅದರ ಹಿಂದೆ ಓಡುತ್ತೆ. ಸತ್ತ ಕುರಿಯ ಮಾಂಸವನ್ನು ನಾಯಿಗೆ ಹಾಕಬೇಡಿ, ರುಚಿ ಹತ್ತಿಬಿಡುತ್ತೆ ಅಂತಾನೆ. ಕೊರಳಿಗೆ ಮೊಳೆ ಜಡಿದ ಚರ್ಮದ ಪಟ್ಟಿ ಕಟ್ಟಿ ಅಂತಾನೆ. ತೋಳ ಒಂದು ಸಲ ಆ ಮೊಳೆಗೆ ಬಾಯಿ ಹಾಕಿ ಗಾಯ ಮಾಡಿಕೊಂಡರೆ, ಪಟ್ಟಿ ಇಲ್ಲದ ನಾಯಿಯ ತಂಟೆಗೂ ಬರೋದಿಲ್ಲವಂತೆ.

ವಾರೋ ಒಂದು ಕತೆಯನ್ನೂ ಹೇಳ್ತಾನೆ. ಒಬ್ಬ ಶ್ರೀಮಂತ ಇಟಲಿಯ ಉಂಬ್ರಿಯಾದಲ್ಲಿ ಕುರಿ ಹಿಂಡುಗಳನ್ನು ಕೊಂಡ. ವ್ಯಾಪಾರದಲ್ಲಿ ನಾಯಿಗಳೂ ಸೇರಿದ್ದವು, ಕುರಿಗಾಹಿಗಳು ಸೇರಿರಲಿಲ್ಲ. ಕುರಿಗಾಹಿಗಳು ಹಿಂಡನ್ನು ದೂರದ ದಕ್ಷಿಣದ ತನಕ ಹೊಡೆದುಕೊಂಡು ಹೋಗಿ ಒಪ್ಪಿಸಿ ಊರಿಗೆ ವಾಪಸಾದರು. ಕೆಲವೇ ದಿನಗಳಲ್ಲಿ ನಾಯಿಗಳೂ ಹಿಂದೆಯೇ ಬಂದುಬಿಟ್ಟವು! ಹಲವು ದಿನದ ದಾರಿ, ಹೊಲಗದ್ದೆಯಲ್ಲಿ ಸಿಕ್ಕಿದ್ದು ತಿಂದುಕೊಂಡು. ದುಡ್ಡು ಕೊಟ್ಟರೆ ನಾಯಿ ಬರುತ್ತೆ, ನಾಯಿಯ ನಂಟು ಬರೋದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಅವನ ನಂತರ, ಕ್ರಿಸ್ತಶಕ 1ನೇ ಶತಮಾನದಲ್ಲಿ, ಕೊಲುಮೆಲ್ಲ ಅನ್ನೋ ಇನ್ನೊಬ್ಬ ಲೇಖಕ ಬಣ್ಣದ ವಿಷಯ ಬರೆದ. ಮನೆ ಕಾಯೋ ನಾಯಿ ಕಪ್ಪಗಿರಲಿ, ಕಳ್ಳ ನೋಡಿದರೇ ಹೆದರಬೇಕು. ಕುರಿ ಕಾಯೋ ನಾಯಿ ಬೆಳ್ಳಗಿರಲಿ, ಮಬ್ಬು ಬೆಳಕಿನಲ್ಲಿ ಕುರಿಗಾಹಿ ತೋಳ ಅಂದುಕೊಂಡು ತನ್ನ ನಾಯಿಗೇ ಹೊಡೆಯಬಾರದು. ಮಿಡಲ್ ಐಲೆಂಡಿನ ಬಿಳಿ ಮರೆಮ್ಮಾ ಇದೇ ಇಟಲಿಯ ನಾಯಿ.

ಎರಡು ಬಗೆಯ ಕುರಿ ನಾಯಿ

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ರೀಲ್ಸ್‌ನಲ್ಲಿ ನೀವು ನೋಡೋ ಬಾರ್ಡರ್ ಕಾಲಿ ಇದೆಯಲ್ಲ, ತಲೆ ತಗ್ಗಿಸಿ, ದಿಟ್ಟಿಸಿ, ಕುರಿಗಳನ್ನು ಓಡಿಸಿ ಒಂದು ಕಡೆ ಸೇರಿಸೋದು, ಅದು ಬೇರೆ. ಅದು ಮಾಡೋದು ತೋಳದ ಆಟವನ್ನೇ, ಕೊನೆಯ ಕಚ್ಚುವ ಭಾಗ ಒಂದು ಬಿಟ್ಟು. ಕುರಿ ಅದಕ್ಕೆ ಹೆದರಿಯೇ ಓಡೋದು.

ಕಾವಲು ನಾಯಿ ಇದಕ್ಕೆ ಪೂರ್ತಿ ಉಲ್ಟಾ. ಅದರಲ್ಲಿ ದಿಟ್ಟಿಸೋದು, ಹೊಂಚೋದು, ಅಟ್ಟೋದು ಇವೆಲ್ಲ ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ. ಅದು ಕುರಿಗಳ ಜೊತೆ ನಡೆಯುತ್ತೆ, ಜೊತೆ ಮಲಗುತ್ತೆ. ಕುರಿ ಅದನ್ನು ಹೆದರದೆ ಒಪ್ಪಿಕೊಂಡಿರುತ್ತೆ. ಒಂದು ಕುರಿಯನ್ನು ಹೊರಗಿನಿಂದ ಆಳುತ್ತೆ, ಇನ್ನೊಂದು ಒಳಗೆ ಬಾಳುತ್ತೆ.

ಹಾಗಾದರೆ ನಾಯಿಯೊಂದು ಕುರಿಮಂದೆಯ ಒಳಗಿನದ್ದು ಆಗೋದು ಹೇಗೆ?

ಡಾರ್ವಿನ್ ಕಂಡ ನಾಯಿ

1833ರ ನವೆಂಬರ್. ಚಾರ್ಲ್ಸ್ ಡಾರ್ವಿನ್‌ಗೆ ಆಗ 24 ವರ್ಷ, ಅಂದ್ರೆ ನನಗಿಂತ ಚಿಕ್ಕವನು. ಬೀಗಲ್ ಹಡಗಿನ ಪ್ರಯಾಣದ ನಡುವೆ ಇಳಿದು, ಈಗಿನ ಉರುಗ್ವೆ ದೇಶದ ಹುಲ್ಲುಗಾವಲಲ್ಲಿ ಕುದುರೆ ಮೇಲೆ ಓಡಾಡ್ತಿದ್ದ. ಅಲ್ಲಿ ಅವನಿಗೆ ಒಂದು ವಿಚಿತ್ರ ಕಂಡಿತು. ಮನೆಯಿಂದ ಮೈಲಿಗಟ್ಟಲೆ ದೂರ, ಮನುಷ್ಯನ ಸುಳಿವಿಲ್ಲ, ದೊಡ್ಡ ಕುರಿ ಹಿಂಡು, ಕಾವಲಿಗೆ ಒಂದೋ ಎರಡೋ ನಾಯಿ.

ಇದು ಹೇಗೆ ಸಾಧ್ಯ ಅಂತ ವಿಚಾರಿಸಿದ. ಅವರ ವಿಧಾನ ಹೀಗಿತ್ತು: ನಾಯಿಮರಿಯನ್ನು ತೀರಾ ಎಳೆಯದಿದ್ದಾಗಲೇ ತಾಯಿಯಿಂದ ಬೇರೆ ಮಾಡ್ತಾರೆ. ದಿನಕ್ಕೆ ಮೂರು ನಾಲ್ಕು ಸಲ ತಾಯಿ ಕುರಿಯನ್ನು ಹಿಡಿದು ಮರಿಗೆ ಹಾಲು ಕುಡಿಸ್ತಾರೆ. ಕುರಿದೊಡ್ಡಿಯೊಳಗೆ ಉಣ್ಣೆಯ ಗೂಡು ಮಾಡಿ ಅಲ್ಲೇ ಮಲಗಿಸ್ತಾರೆ. ಬೇರೆ ನಾಯಿಗಳ ಜೊತೆ, ಮನೆಯ ಮಕ್ಕಳ ಜೊತೆ ಸೇರೋಕೆ ಬಿಡೋದೇ ಇಲ್ಲ. ಸಾಮಾನ್ಯವಾಗಿ ಬೀಜ ಕೂಡ ತೆಗೆಸಿಬಿಡ್ತಾರೆ. ಇಷ್ಟು ಮಾಡಿದರೆ ಆ ನಾಯಿಗೆ ಮಂದೆ ಬಿಟ್ಟು ಹೋಗುವ ಮನಸ್ಸೇ ಬರೋದಿಲ್ಲ. ಸಾಮಾನ್ಯ ನಾಯಿ ತನ್ನ ಯಜಮಾನನನ್ನು ಕಾಯುವ ಹಾಗೆ ಇದು ಕುರಿಯನ್ನು ಕಾಯುತ್ತೆ.

ಡಾರ್ವಿನ್ ಬರೆದ ಇನ್ನೊಂದು ದೃಶ್ಯ ನನಗೆ ಬಹಳ ಇಷ್ಟ. ಈ ನಾಯಿ ದಿನಕ್ಕೊಮ್ಮೆ ಮಾಂಸಕ್ಕಾಗಿ ಮನೆ ಹತ್ತಿರ ಬರುತ್ತೆ. ಕೊಟ್ಟ ತಕ್ಷಣ ನಾಚಿಕೆ ಪಟ್ಟುಕೊಂಡಂತೆ ಬಾಲ ಮುದುರಿ ಓಡುತ್ತೆ. ಮನೆಯ ನಾಯಿಗಳು, ಅದರಲ್ಲೂ ಚೋಟುದ್ದದ್ದು ಸಹ, ಇದನ್ನು ಅಟ್ಟಿಸಿಕೊಂಡು ಹೋಗ್ತವೆ. ಆದರೆ ಮಂದೆ ಮುಟ್ಟಿದ ಕ್ಷಣ ಅದು ತಿರುಗಿ ನಿಂತು ಬೊಗಳುತ್ತೆ. ಆಗ ಮನೆ ನಾಯಿಗಳೆಲ್ಲ ಪೇರಿ ಕಿತ್ತವೇ!

ಅದೇ ನಾಯಿ. ಮನೆ ಅಂಗಳದಲ್ಲಿ ಪುಕ್ಕಲು, ಮಂದೆಯ ನಡುವೆ ಸಿಂಹ. ಅಂದ್ರೆ ಈ ಧೈರ್ಯ ಇರೋದು ಹಲ್ಲಿನಲ್ಲಿ ಅಲ್ಲ, ಮೈಗಾತ್ರದಲ್ಲೂ ಅಲ್ಲ. ‘ಇವು ನನ್ನವರು’ ಅನ್ನೋ ಭಾವನೆಯಲ್ಲಿ.

ಮರೆತವರು

ಈ ವಿದ್ಯೆ ಉಳಿದದ್ದು ತೋಳ ಉಳಿದ ಕಡೆ. ಟರ್ಕಿಯ ಬಯಲಲ್ಲಿ, ಬಾಲ್ಕನ್ ಬೆಟ್ಟಗಳಲ್ಲಿ, ಇಟಲಿಯ ಅಬ್ರುಜ್ಜೊದಲ್ಲಿ. ಬ್ರಿಟನ್ನಿನಲ್ಲಿ ತೋಳ ಶತಮಾನಗಳ ಹಿಂದೆಯೇ ಮುಗಿದು ಹೋಗಿತ್ತು. ಹಾಗಾಗಿ ಅಲ್ಲಿ ಕುರಿ ಓಡಿಸುವ ನಾಯಿ ಬೆಳೆಯಿತು, ಕುರಿ ಕಾಯುವ ನಾಯಿ ಬೇಕಾಗಲೇ ಇಲ್ಲ. ಅಮೆರಿಕಕ್ಕೆ ಹೋದ ಬ್ರಿಟಿಷರು ತಮಗೆ ಗೊತ್ತಿದ್ದ ನಾಯಿಯನ್ನೇ ಕರೆದೊಯ್ದರು. ಅಲ್ಲಿ ತೋಳ ಇತ್ತು, ಆದರೆ ಅದಕ್ಕೆ ಅವರ ಉತ್ತರ ಬಂದೂಕು, ಬಲೆ ಮತ್ತು ವಿಷ. 20ನೇ ಶತಮಾನದ ಮೊದಲ ದಶಕಗಳಲ್ಲೇ ದೇಶದ ಬಹುಭಾಗದಲ್ಲಿ ತೋಳ ಇಲ್ಲವಾಯಿತು. ಆದರೆ ತೋಳದ ತಮ್ಮನಂಥ ಕಯೋಟಿ ಬಗ್ಗಲಿಲ್ಲ. ಎಷ್ಟು ವಿಷ ಇಟ್ಟರೂ ಮತ್ತೆ ಹುಟ್ಟಿ ಬಂತು. ಆ ವಿಷ ತಿಂದು ಹದ್ದು, ನರಿ, ಸಾಕು ನಾಯಿ ಎಲ್ಲವೂ ಸತ್ತವು.

1972ರಲ್ಲಿ ಅಧ್ಯಕ್ಷ ನಿಕ್ಸನ್ ಕೇಂದ್ರ ಸರ್ಕಾರದ ಭೂಮಿಯಲ್ಲಿ ಇಂಥ ವಿಷ ಇಡೋದನ್ನು ನಿಷೇಧಿಸಿದರು. ಕುರಿ ಸಾಕುವವರು ಕಂಗಾಲಾದರು. ಈಗ ಏನು ಮಾಡೋದು?

1970ರ ದಶಕದ ಕೊನೆಯಲ್ಲಿ ಮ್ಯಾಸಚೂಸೆಟ್ಸ್‌ನ ಹ್ಯಾಂಪ್‌ಶೈರ್ ಕಾಲೇಜಿನ ಜೀವವಿಜ್ಞಾನಿ ರೇ ಕಾಪಿಂಜರ್ ಮತ್ತು ಅವರ ಹೆಂಡತಿ ಲೋರ್ನಾ ಉತ್ತರ ಹುಡುಕಿಕೊಂಡು ಹೊರಟರು. ಇಟಲಿ, ಯುಗೊಸ್ಲಾವಿಯಾ, ಟರ್ಕಿಯ ಕುರಿಗಾಹಿಗಳಿಂದ ಮರಿಗಳನ್ನು ತಂದರು. ಸಾವಿರಕ್ಕೂ ಹೆಚ್ಚು ನಾಯಿಗಳನ್ನು ಅಮೆರಿಕದ ಬೇರೆ ಬೇರೆ ರಾಜ್ಯಗಳ ರೈತರಿಗೆ ಕೊಟ್ಟು, ಯಾವುದು ಕೆಲಸ ಮಾಡ್ತು, ಯಾವುದು ಮಾಡಲಿಲ್ಲ ಅಂತ ವರ್ಷಗಟ್ಟಲೆ ದಾಖಲು ಮಾಡಿದರು.

ಅವರು ಒಳ್ಳೆ ಕಾವಲು ನಾಯಿಗೆ ಮೂರು ಗುಣ ಬೇಕು ಅಂದರು. ಒಂದು, ನಂಬಿಕೆ: ಕುರಿಗೆ ಅದರಿಂದ ಅಪಾಯ ಆಗಬಾರದು. ಎರಡು, ಗಮನ: ಮಂದೆ ಎಲ್ಲಿ ಹೋದರೆ ಅಲ್ಲಿಗೆ ಅದೂ ಹೋಗಬೇಕು. ಮೂರು, ರಕ್ಷಣೆ. ನಾವೆಲ್ಲ ಹುಡುಕೋ ಮೂರನೇ ಗುಣ ಮೊದಲ ಎರಡರ ಮೇಲೇ ನಿಂತಿದೆ. ಮಂದೆಯಲ್ಲೇ ಬಾಳುವ ನಾಯಿ ಇದ್ದರೆ ಸಾಕು. ಹೊಸ ಪ್ರಾಣಿ ಹತ್ತಿರ ಬಂದಾಗ ಅದು ಬೊಗಳುತ್ತೆ, ಅಡ್ಡ ನಿಲ್ಲುತ್ತೆ. ಹೊಂಚು ಹಾಕಿ ಬಂದವನ ಲೆಕ್ಕಾಚಾರ ಅಲ್ಲಿಗೇ ಕೆಡುತ್ತೆ.

ಇದೆಲ್ಲಕ್ಕೂ ಒಂದು ಗಡುವಿದೆ. ಮರಿ ಹುಟ್ಟಿದ ಮೊದಲ ಮೂರೂವರೆ, ನಾಲ್ಕು ತಿಂಗಳೊಳಗೆ ಅದು ಕುರಿಗಳ ನಡುವೆ ಬೆಳೀಬೇಕು. ಆ ಕಿಟಕಿ ಮುಚ್ಚಿದ ಮೇಲೆ ಎಂಥ ಜಾತಿ ನಾಯಿ ತಂದರೂ ಕಷ್ಟ. ಉರುಗ್ವೆಯ ಕುರಿಗಾಹಿ ಉಣ್ಣೆಯ ಗೂಡು ಮಾಡಿ ಸಾಧಿಸಿದ್ದನ್ನೇ ವಿಜ್ಞಾನಿಗಳು ಬೇರೆ ಭಾಷೆಯಲ್ಲಿ ಹೇಳಿದರು.

ತಮಾಷೆ ಅಂದ್ರೆ, ಅದೇ ಅಮೆರಿಕದ ನವಾಹೊ ಮೂಲನಿವಾಸಿಗಳು ಈ ಕೆಲಸವನ್ನು ಸದ್ದಿಲ್ಲದೆ ಮಾಡ್ತಾನೇ ಇದ್ದರು. ಯಾವ ವಿದೇಶಿ ತಳಿಯೂ ಇಲ್ಲ, ಎಲ್ಲ ಮಿಶ್ರ ನಾಯಿಗಳು. ಮರಿಯಿಂದಲೇ ಕುರಿ, ಮೇಕೆಗಳ ದೊಡ್ಡಿಯಲ್ಲಿ ಬೆಳೆಸಿ ಕಯೋಟಿಯಿಂದ ಮಂದೆ ಕಾಯ್ತಿದ್ದರು. ಉತ್ತರ ಪಕ್ಕದ ಮನೆಯಲ್ಲೇ ಇತ್ತು, ಕೇಳಿದವರು ಕಡಿಮೆ.

ಚೀತಾ ಉಳಿಸಿದ ಬೊಗಳು

ಈಗ ಆಫ್ರಿಕಾಕ್ಕೆ ಬನ್ನಿ. ನಮೀಬಿಯಾದಲ್ಲಿ ಹೆಚ್ಚಿನ ಚೀತಾಗಳು ಇರೋದು ರಾಷ್ಟ್ರೀಯ ಉದ್ಯಾನಗಳಲ್ಲಿ ಅಲ್ಲ, ರೈತರ ಜಮೀನುಗಳಲ್ಲಿ. 1980ರ ದಶಕದಲ್ಲಿ ರೈತರು ಸಾವಿರಾರು ಚೀತಾಗಳನ್ನು ಗುಂಡಿಟ್ಟು ಕೊಂದರು, ಇಲ್ಲ ಹಿಡಿದು ಸಾಗಿಸಿದರು. ಅವರನ್ನು ಬೈಯೋದು ಸುಲಭ. ಆದರೆ ಕರು ಕಳೆದುಕೊಂಡವನ ಹೊಟ್ಟೆಗೆ ನಮ್ಮ ಪ್ರಾಣಿಪ್ರೀತಿ ಊಟ ಹಾಕೋದಿಲ್ಲವಲ್ಲ.

1990ರಲ್ಲಿ ಲಾರಿ ಮಾರ್ಕರ್ ಅನ್ನೋ ಅಮೆರಿಕನ್ ವಿಜ್ಞಾನಿ ಅಲ್ಲಿ ಚೀತಾ ಕನ್ಸರ್ವೇಶನ್ ಫಂಡ್ ಸ್ಥಾಪಿಸಿದರು. ಕಾಪಿಂಜರ್ ದಂಪತಿಯ ಕೆಲಸದ ಬೆನ್ನು ಹಿಡಿದು 1994ರಲ್ಲಿ ಟರ್ಕಿ ಮೂಲದ ಅನಾಟೋಲಿಯನ್ ನಾಯಿಗಳನ್ನು ನಮೀಬಿಯಾದ ರೈತರಿಗೆ ಕೊಡೋಕೆ ಶುರು ಮಾಡಿದರು. ಚೀತಾ ಓಟಕ್ಕಾಗಿ ಹುಟ್ಟಿದ ಪ್ರಾಣಿ, ಜಗಳಕ್ಕಲ್ಲ. ಕಾಲಿಗೆ ಗಾಯ ಆದರೆ ಬೇಟೆ ಇಲ್ಲ, ಬೇಟೆ ಇಲ್ಲದಿದ್ದರೆ ಸಾವು. ಹಾಗಾಗಿ ದೊಡ್ಡ ನಾಯಿಯೊಂದು ಅಡ್ಡ ನಿಂತು ಬೊಗಳಿದರೆ ಅದು ಜಾಗ ಖಾಲಿ ಮಾಡುತ್ತೆ. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಾಯಿ ಪಡೆದು ಉತ್ತರ ಕೊಟ್ಟ ರೈತರಲ್ಲಿ 73% ಮಂದಿ ತಮ್ಮ ನಷ್ಟ ಬಹಳ ಇಳಿದಿದೆ ಅಂದಿದ್ದರು.

ನಾಯಿ ಕಾಯ್ದದ್ದು ಆಡು ಕುರಿಗಳನ್ನು. ಆದರೆ ಬದುಕಿದ್ದು ಚೀತಾ ಕೂಡ. ಮೇಕೆ ಹೋಗದಿದ್ದರೆ ರೈತ ಬಂದೂಕು ತೆಗೆಯೋದಿಲ್ಲ. ಭಾರತದಲ್ಲಿ ಚೀತಾ ಅಳಿದಿದೆ ಅಂತ ಘೋಷಣೆ ಆದದ್ದು 1952ರಲ್ಲಿ. 2022ರ ಸೆಪ್ಟೆಂಬರ್ 17ರಂದು ಎಂಟು ಚೀತಾಗಳು ಮಧ್ಯಪ್ರದೇಶದ ಕುನೋಗೆ ಬಂದಿಳಿದಾಗ ನಾವೆಲ್ಲ ಫೋನಿನಲ್ಲಿ ಲೈವ್ ನೋಡಿದೆವು. ಅವು ಬಂದದ್ದು ಇದೇ ನಮೀಬಿಯಾದಿಂದ, ಇದೇ ಸಂಸ್ಥೆಯ ನೆರವಿನಿಂದ. ಅಲ್ಲಿ ಚೀತಾ ಉಳಿಯೋಕೆ ಹಲವು ಕಾರಣಗಳಿವೆ. ಅದರಲ್ಲಿ ಕುರಿಮಂದೆಯ ನಾಯಿಗೂ ಒಂದು ಪಾಲಿದೆ.

ಹಾಗಂತ ಇದು ಮಾಯಾಮಂತ್ರ ಅಲ್ಲ. ನಾಯಿಗೆ ಹೊಟ್ಟೆ ತುಂಬ ಅನ್ನ ಬೇಕು, ಲಸಿಕೆ ಬೇಕು, ಜೊತೆಗೆ ಮನುಷ್ಯ ಬೇಕು. ಫ್ರಾನ್ಸಿನ ಆಲ್ಪ್ಸ್‌ನಲ್ಲಿ 1992ರಲ್ಲಿ ಇಟಲಿ ಕಡೆಯಿಂದ ತೋಳ ತಾನಾಗಿ ವಾಪಸ್ ಬಂದಾಗ ಕುರಿಗಾಹಿಗಳು ಮತ್ತೆ ಕಾವಲು ನಾಯಿ ಸಾಕಿದರು. ಈಗ ಅಲ್ಲಿ ಟ್ರೆಕ್ಕಿಂಗ್ ಬಂದವರಿಗೂ ಆ ನಾಯಿಗಳಿಗೂ ತಕರಾರು. ನಾಯಿಗೆ ಟೂರಿಸ್ಟ್ ಯಾರು, ಕಳ್ಳ ಯಾರು ಅಂತ ಹೇಗೆ ಗೊತ್ತಾಗಬೇಕು? ಬಿಟ್ಟುಹೋದ ಅಭ್ಯಾಸ ಮತ್ತೆ ಕಲಿಯೋದು ನಾಯಿಗಿಂತ ಊರಿಗೇ ಕಷ್ಟ.

ಗಂಗಾವತಿಯ ದಾರಿಯಲ್ಲಿ

ಹೋದ ವರ್ಷ ಕೊಪ್ಪಳದಿಂದ ಗಂಗಾವತಿ ಕಡೆ ಹೋಗ್ತಿದ್ದೆ. ಆ ಸೀಮೆಯಲ್ಲಿ ಇನ್ನೂ ತೋಳ ಇವೆ, ಅವುಗಳಿಗಾಗಿಯೇ ಬಂಕಾಪುರದಲ್ಲಿ ವನ್ಯಧಾಮ ಆಗಿದೆ. ರಸ್ತೆ ಪಕ್ಕದ ಕೊಯ್ಲಾದ ಹೊಲದಲ್ಲಿ ಕುರಿ ಮಂದೆ ನಿಂತಿತ್ತು. ಕಂಬಳಿ ಹೊದ್ದ ಒಬ್ಬ ಅಜ್ಜ, ಪಕ್ಕದಲ್ಲಿ ಒಂದು ಬಡಕಲು ಕಂದು ನಾಯಿ. ಯಾವ ತಳಿಯೂ ಅಲ್ಲ. ನಾನು ಬೆಂಗಳೂರಿನ ಬುದ್ಧಿ ತೋರಿಸಿ ಕೇಳಿದೆ, “ಅಜ್ಜಾ, ಈ ನಾಯಿ ಎಷ್ಟು ತೋಳ ಹಿಡಿದಿದೆ?”

ಅಜ್ಜ ನಕ್ಕ. “ಹಿಡಿಯಾಕ ಅಲ್ಲೋ ತಮ್ಮಾ, ಬೊಗಳಾಕ. ಅದು ಬೊಗಳಿದ್ರ ನಾ ಏಳ್ತೀನಿ. ನಾ ಎದ್ರ ತೋಳ ಹೊಕ್ಕೈತಿ.”

ನಾನು ಎರಡು ವಾರ ಓದಿ ತಿಳಿದುಕೊಂಡದ್ದನ್ನು ಅಜ್ಜ ಮೂರು ವಾಕ್ಯದಲ್ಲಿ ಮುಗಿಸಿದ್ದ. ಅವರ ಮಕ್ಕಳು ಏನು ಮಾಡ್ತಾರೆ ಅಂತ ಕೇಳಿದೆ. ಒಬ್ಬ ಬೆಂಗಳೂರಲ್ಲಿ ಸೆಕ್ಯೂರಿಟಿ ಗಾರ್ಡ್ ಅಂತೆ. ಅದೂ ರಾತ್ರಿ ಪಾಳಿ. ಮಂದೆ ಕಾಯುವ ಈ ವಿದ್ಯೆ ಅಜ್ಜನ ನಂತರ ಯಾರಿಗೆ ಹೋಗುತ್ತೆ ಅಂತ ಕೇಳೋ ಧೈರ್ಯ ಆಗಲಿಲ್ಲ.

ವಾಪಸ್ ಬಂದ ಮೇಲೆ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದೆ. ಅಲ್ಲಿ ಮದ್ದೂರು ತಾಲೂಕಿನ ಆತಕೂರಿನಿಂದ ತಂದ ಒಂದು ಕಲ್ಲಿದೆ, ಕ್ರಿಸ್ತಶಕ 950ರ ಸುಮಾರಿನದ್ದು. ಗಂಗರ ಬೂತುಗನ ವೀರ ಮಣಲೇರ ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಅನ್ನೋ ಬೇಟೆ ನಾಯಿಯನ್ನು. ಆ ಕಾಳಿ ಕಾಡುಹಂದಿಯೊಂದಿಗೆ ಹೋರಾಡಿತು, ಎರಡೂ ಸತ್ತವು. ಮಣಲೇರ ಅದರ ನೆನಪಿಗೆ ಈ ಕಲ್ಲು ನಿಲ್ಲಿಸಿ ಭೂಮಿ ದತ್ತಿ ಬಿಟ್ಟ. ಕಲ್ಲಿನ ಮೇಲೆ ನಾಯಿ, ಹಂದಿ ಎರಡೂ ಮುಖಾಮುಖಿಯಾಗಿವೆ.

ಕಾಳಿಗೆ ಕಲ್ಲು ಸಿಕ್ಕಿದ್ದು ನ್ಯಾಯವೇ. ನಮ್ಮ ನಾಡಿನ ಎಷ್ಟೋ ವೀರಗಲ್ಲುಗಳೂ ತುರು ಕಾಯುತ್ತಾ ಸತ್ತವರಿಗೇ ನಿಂತಿವೆ. ಸತ್ತು ಕಾಯ್ದವರಿಗೆ ಕಲ್ಲು ಇದೆ. ಕಾಯ್ದೂ ಕಾಯ್ದೂ ಸುಮ್ಮನೆ ಮುದಿಯಾದ ನಾಯಿಗೆ ಏನಿದೆ?

ಗಂಗಾವತಿಯ ಅಜ್ಜ ಬೆಳಗಾದರೆ ಕುರಿ ಎಣಿಸುತ್ತಾನೆ. ಲೆಕ್ಕ ಸರಿಯಾಗಿದ್ದರೆ ಆ ನಾಯಿಗೆ ಒಂದು ರೊಟ್ಟಿ ಹಾಕುತ್ತಾನೆ. ಸದ್ಯಕ್ಕೆ ದಾಖಲೆ ಅಂತ ಇರೋದು ಅದೊಂದೇ.

ನಿಮ್ಮ ಊರಿನ ಕಡೆ ಮಂದೆ ಹಾಕುವವರು ಬರ್ತಾರಾ? ಅವರ ಜೊತೆ ನಾಯಿ ಇದ್ದರೆ, ಅದು ಯಾರ ಮರಿ, ಎಲ್ಲಿ ಮಲಗುತ್ತೆ ಅಂತ ಒಂದು ಸಲ ಕೇಳಿ, ನನಗೂ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.